ಬೇಸಿಗೆಯ ರಜೆ ಮುತ್ಯಾನ ಪಾಲಿನದು

ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಶೈಕ್ಷಣಿಕ ವರ್ಷ ಸಾಮಾನ್ಯವಾಗಿ ಏಪ್ರಿಲ್ 10ಕ್ಕೆ ಮುಗಿಯುತ್ತದೆ. 2025ರಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ಇತ್ತು. ಬೆರಳು ಮಡಚಿ ಎಣಿಸಿದರೆ 48 ದಿನ. ಈ 48 ದಿನಗಳು ಯಾರ ಸೊತ್ತು ಎಂಬುದೇ ಇಂದಿನ ನನ್ನ ಜಗಳ. ಶಾಲೆಯ ಸೊತ್ತಲ್ಲ, ಅದು ಬಾಗಿಲು ಹಾಕಿಕೊಂಡಿರುತ್ತದೆ. ತಂದೆ-ತಾಯಿಯರ ಸೊತ್ತೂ ಅಲ್ಲ, ಅವರಿಗೆ ಕಚೇರಿಯವರು ರಜೆ ಕೊಟ್ಟಿರುವುದಿಲ್ಲ. ನಮ್ಮ ಸೀಮೆಯಲ್ಲಿ ಅದು ಮೊದಲಿನಿಂದಲೂ ಮುತ್ಯಾ ಮತ್ತು ಆಯಿಯ ಪಾಲಿನದು. ಈಗ ಆ ಆಸ್ತಿಯನ್ನು 'ಸಮ್ಮರ್ ಕ್ಯಾಂಪ್' ಎಂಬ ಫಲಕ ಹಾಕಿಕೊಂಡವರು ನಮ್ಮನ್ನು ಕೇಳದೆಯೇ ಒತ್ತುವರಿ ಮಾಡಿದ್ದಾರೆ. ಉತಾರದಲ್ಲಿ ಹೆಸರು ಬದಲಾಯಿಸಲು ಸಹಿ ಹಾಕಿದವರು ಮಾತ್ರ ಅವರಲ್ಲ, ನೀವು. ಅಂದರೆ ನನ್ನ ಮಕ್ಕಳು, ಅಳಿಯಂದಿರು, ಸೊಸೆಯಂದಿರು, ಮತ್ತು ನನ್ನ ತರಗತಿಯಲ್ಲಿ ಕುಳಿತೆದ್ದು ಇಂದು ಬೆಂಗಳೂರು, ಪುಣೆ, ಹುಬ್ಬಳ್ಳಿಗಳಲ್ಲಿ ನೆಲೆಯೂರಿರುವ ನನ್ನ ಪ್ರೀತಿಯ ವಿದ್ಯಾರ್ಥಿಗಳು. ಸಿಟ್ಟು ಮಾಡಿಕೊಳ್ಳದೆ ಕೊನೆಯವರೆಗೆ ಓದಬೇಕು. ತರಗತಿಯಲ್ಲಿ ಗಂಟೆ ಬಾರಿಸುವವರೆಗೆ ಕುಳಿತ ಅಭ್ಯಾಸ ನಿಮಗೆ ಇದ್ದೇ ಇದೆ.

ಮಾರ್ಚ್ ತಿಂಗಳ ಕೊನೆಗೆ ದೂರವಾಣಿ ಬರಲು ಆರಂಭವಾಗುತ್ತದೆ. "ಅಪ್ಪಾ, ಈ ಸಲ ಬರಾಕ ಆಗಂಗಿಲ್ಲ. ಅವನ್ನ ಕ್ಯಾಂಪಿಗೆ ಹಾಕೇವಿ." ಒಂದು ವರ್ಷ ಅಬಾಕಸ್ ಆಯಿತು, ಮರುವರ್ಷ ರೋಬೋಟ್ ತಯಾರಿಕೆ ಆಯಿತು. ಅದರ ಮುಂದಿನ ಬೇಸಿಗೆಗೆ 'ವ್ಯಕ್ತಿತ್ವ ವಿಕಸನ' ಎಂದರು. ಯಾರ ವ್ಯಕ್ತಿತ್ವ? ಮುಂದಿನ ಎರಡು ಹಲ್ಲು ಬಿದ್ದು 'ಸ'ಕಾರವನ್ನೇ ಸರಿಯಾಗಿ ನುಡಿಯಲಾರದ ಏಳು ವರ್ಷದ ಹುಡುಗನ ವ್ಯಕ್ತಿತ್ವ! ಮೊದಲು ಹಲ್ಲು ವಿಕಸನವಾಗಲಿ ಎಂದು ನಾನು ಹೇಳಿದರೆ ಮಗಳು ನಕ್ಕಳು. ಆದರೆ ಕಟ್ಟಿದ ಶುಲ್ಕ ಮರಳಿ ಬರುವುದಿಲ್ಲವಂತೆ.

ಇಷ್ಟಾಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಒಮ್ಮೆ ಮಗಳು ನನ್ನ ಮೊಬೈಲಿಗೆ ಶಿಬಿರದ ಕರಪತ್ರವನ್ನು ಕಳುಹಿಸಿದಳು. ಅದರಲ್ಲಿ ಒಂದು ಇಡೀ ದಿನ 'ಗ್ರಾಮೀಣ ಬದುಕಿನ ಅನುಭವ' ಎಂದಿತ್ತು. ಮಕ್ಕಳನ್ನು ಊರ ಹೊರಗಿನ ಒಂದು ತೋಟಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಆಕಳು ತೋರಿಸುತ್ತಾರೆ, ಚಕ್ಕಡಿಯಲ್ಲಿ ಒಂದು ಸುತ್ತು ಕೂರಿಸುತ್ತಾರೆ, ಲಗೋರಿ, ಚಿಣಿಪಣಿ ಆಡಿಸುತ್ತಾರೆ, ಬಾಳೆಯೆಲೆಯ ಮೇಲೆ ಊಟ ಹಾಕುತ್ತಾರೆ. ಕೊನೆಗೆ 'ಅಜ್ಜಿಯಿಂದ ಕಥೆ' ಎಂಬ ಒಂದು ಗಂಟೆ. ಆ ಅಜ್ಜಿಗೂ ಸಂಬಳವಿರಬೇಕು. ಇಲ್ಲಿ ತುಬಚಿಯಲ್ಲಿ ಸ್ವಂತ ಆಯಿ ಕಥೆಗಳ ಗಂಟನ್ನು ಕಟ್ಟಿಟ್ಟುಕೊಂಡು ದಾರಿ ನೋಡುತ್ತಿರುವಾಗ, ಅಲ್ಲಿ ಬಾಡಿಗೆಯ ಅಜ್ಜಿಗೆ ಮೊಮ್ಮಕ್ಕಳನ್ನು ಒಪ್ಪಿಸುವುದಕ್ಕೆ ಏನೆನ್ನಬೇಕು? ನಮ್ಮ ಕೊಟ್ಟಿಗೆಯ ಎಮ್ಮೆಗೆ ಓದು ಬಂದಿದ್ದರೆ ಆ ಕರಪತ್ರಕ್ಕೆ ಅದೇ ಉತ್ತರ ಬರೆಯುತ್ತಿತ್ತು.

ತುಬಚಿಯ ಹೆಸರು ಈಗ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು 'ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆ' ಎಂದು. ಕೃಷ್ಣೆಯ ನೀರನ್ನು ಎತ್ತಿ ವಿಜಯಪುರ ಜಿಲ್ಲೆಯ ಬರಭೂಮಿಗೆ ಒಯ್ಯುವ ಯೋಜನೆ ಅದು, ಒಳ್ಳೆಯದೇ. ಆದರೆ ನನ್ನ ಹಿರಿಯ ಮೊಮ್ಮಗ ಒಮ್ಮೆ ಗೆಳೆಯನಿಗೆ "ತುಬಚಿ ಅಂದ್ರ ಒಂದು ಪ್ರಾಜೆಕ್ಟು" ಎಂದು ವಿವರಿಸಿದನಂತೆ. ಅವನ ತಪ್ಪಲ್ಲ. ನೋಡದ ಊರು ಯೋಜನೆಯೇ ಆಗಿರುತ್ತದೆ.

ಬೇಸಿಗೆಯಲ್ಲಿ ಈ ಊರಲ್ಲಿ ಏನಿದೆ ಎಂದು ನೀವು ಕೇಳಬಹುದು. ಸೀತನಿಯ ಕಾಲ ಮುಗಿದಿರುತ್ತದೆ, ಬಿಳಿಜೋಳದ ಸುಗ್ಗಿಯೂ ಮುಗಿದಿರುತ್ತದೆ, ಬೆಲ್ಲದ ಗಾಣಗಳೂ ಬಹುಮಟ್ಟಿಗೆ ನಿಂತಿರುತ್ತವೆ. ಒಪ್ಪಿದೆ. ಆದರೆ ಶಾವಿಗೆ ಇರುತ್ತದೆ. ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ ಇರುತ್ತವೆ. ಒಣಮೆಣಸಿನಕಾಯಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣಕೊಬ್ಬರಿ ಬೆರೆಸಿ ವರ್ಷಕ್ಕಾಗುವಷ್ಟು ಮಸಾಲಿ ಖಾರ ಕುಟ್ಟಿಸುವ ಕೆಲಸವಿರುತ್ತದೆ. ಆ ದಿನ ಓಣಿಗೆ ಓಣಿಯೇ ಸೀನುತ್ತದೆ. ಶಾವಿಗೆಯ ಮಣೆಯ ಮುಂದೆ ಓಣಿಯ ಹೆಣ್ಣುಮಕ್ಕಳು ಕೂಡಿದರೆ ಅದು ಒಂದು ಸಂಸತ್ತು. ಅಲ್ಲಿ ಚರ್ಚೆಯಾಗದ ವಿಷಯವಿಲ್ಲ, ಅಂಗೀಕಾರವಾಗದ ಮದುವೆಯಿಲ್ಲ. ಹಿಟ್ಟು ಎಷ್ಟು ನಾದಿದರೆ ಎಳೆ ಹರಿಯುವುದಿಲ್ಲ, ಎಷ್ಟು ಎಳೆದರೆ ಹರಿಯುತ್ತದೆ ಎಂಬುದನ್ನು ಯಾವ ರೋಬೋಟೂ ಕಲಿಸಲಾರದು. ಮಕ್ಕಳ ಪಾಲಿಗೆ ಬರುವುದು ಕಾವಲಿನ ಕೆಲಸ. ಕೈಯಲ್ಲೊಂದು ಕೋಲು ಹಿಡಿದು, ಕಾಗೆಯಿಂದ ಸಂಡಿಗೆ ಕಾಯಬೇಕು. ಕಾಗೆಗಿಂತ ಹೆಚ್ಚು ಸಂಡಿಗೆಯನ್ನು ಕಾವಲುಗಾರರೇ ತಿನ್ನುತ್ತಾರೆ ಎಂಬುದು ಬೇರೆ ಮಾತು. ಅರ್ಧ ಒಣಗಿದ ಸಂಡಿಗೆಯ ರುಚಿ ಕರಿದ ಸಂಡಿಗೆಗೆ ಇಲ್ಲ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸಿದವನು. ಶಾಲೆ ಆರಂಭವಾದ ಮೊದಲ ವಾರ 'ನಾನು ರಜೆ ಕಳೆದ ಬಗೆ' ಎಂಬ ಪ್ರಬಂಧ ಬರೆಸುತ್ತಿದ್ದೆ. ನಿಮಗೆಲ್ಲ ನೆನಪಿರಬಹುದು, ಆ ದಿನ ಶಪಿಸಿದ್ದೂ ನೆನಪಿರಬಹುದು. ಸೇವೆಯ ಆರಂಭದ ವರ್ಷಗಳಲ್ಲಿ ಬಂದ ಪ್ರಬಂಧಗಳಲ್ಲಿ ಅಕ್ಷರ ತಪ್ಪುಗಳು ಹುಳುಗಳಂತೆ ಹರಿದಾಡುತ್ತಿದ್ದವು. ಆದರೆ ಓದಿದರೆ ಹೊಟ್ಟೆ ತುಂಬುತ್ತಿತ್ತು. ಸೋದರಮಾವನ ಎತ್ತು ಕಟ್ಟು ಹರಿದುಕೊಂಡು ಓಡಿದ್ದು, ಬೆಂಡು ಕಟ್ಟಿಕೊಂಡು ಬಾವಿಗೆ ಧುಮುಕಿದ್ದು, ಮದುವೆಯ ಮನೆಯಲ್ಲಿ ಬೀಗರ ಚಪ್ಪಲಿ ಕಾಣೆಯಾಗಿದ್ದು, ಯಾರದೋ ಗಿಡದ ಮಾವಿನಕಾಯಿಗೆ ಕಲ್ಲೆಸೆದು ಅದು ಯಾರದೋ ಹಂಚಿಗೆ ಬಿದ್ದಿದ್ದು. ಒಬ್ಬರದು ಇನ್ನೊಬ್ಬರದರಂತೆ ಇರುತ್ತಿರಲಿಲ್ಲ. ನಿವೃತ್ತಿಯ ಸಮೀಪದ ವರ್ಷಗಳಲ್ಲಿ ಅಕ್ಷರ ದುಂಡಾದವು, ತಪ್ಪುಗಳು ಕಡಿಮೆಯಾದವು. ಪ್ರಬಂಧ ಮಾತ್ರ ನಾಲ್ಕು ಸಾಲಿಗೆ ಇಳಿಯಿತು: ಟ್ಯೂಷನ್‌ಗೆ ಹೋದೆ, ಟಿ.ವಿ. ನೋಡಿದೆ, ಆಟ ಆಡಿದೆ, ರಜೆ ಬೇಗ ಮುಗಿಯಿತು. ನಲವತ್ತು ಮಕ್ಕಳದೂ ಒಂದೇ ರಜೆ. ಅಳತೆಪಟ್ಟಿ ಇಟ್ಟು ಕತ್ತರಿಸಿದಂತೆ. ಈ ಮಕ್ಕಳು ದಡ್ಡರಾಗಿರಲಿಲ್ಲ. ಅವರಿಗೆ ಬರೆಯಲು ಏನೂ ಆಗಿರಲಿಲ್ಲ, ಅಷ್ಟೇ.

ಪಾಠದ ಮಾತನ್ನೇ ಆಡುವುದಾದರೆ, ಅದೂ ಇಲ್ಲಿ ಹೇರಳವಾಗಿದೆ. 'ಹಾಸುಹೊಕ್ಕು' ಎಂಬ ಪದವನ್ನು ಮೊಮ್ಮಗಳು ಪುಸ್ತಕದಲ್ಲಿ ಓದಿ, ಅರ್ಥವನ್ನು ಬಾಯಿಪಾಠ ಮಾಡಿದ್ದಳು: 'ಒಂದರೊಳಗೊಂದು ಬೆರೆತಿರುವುದು.' ಎರಡು ವರ್ಷಗಳ ಹಿಂದೆ ಅಪರೂಪಕ್ಕೆ ಹತ್ತು ದಿನ ಬಂದಾಗ ಬನಹಟ್ಟಿಗೆ ಕರೆದೊಯ್ದು ಪರಿಚಯದವರ ಮಗ್ಗದ ಮುಂದೆ ನಿಲ್ಲಿಸಿದೆ. ಉದ್ದಕ್ಕೆ ಬಿಗಿದಿರುವ ನೂಲು ಹಾಸು, ಲಾಳಿಯ ಜೊತೆ ಅಡ್ಡಲಾಗಿ ಓಡಾಡುವ ನೂಲು ಹೊಕ್ಕು. ಮಗ್ಗದ ಸದ್ದಿನಲ್ಲಿ ನಾನು ಒದರಿ ಹೇಳಬೇಕಾಯಿತು. ಅವಳು ಲಾಳಿಯನ್ನು ನೋಡುತ್ತ ಬಹಳ ಹೊತ್ತು ನಿಂತು, "ಮುತ್ಯಾ, ಹಾಸು ಇಲ್ಲಂದ್ರ ಹೊಕ್ಕು ಎಲ್ಲಿ ನಿಲ್ತತಿ?" ಎಂದು ಕೇಳಿದಳು. ಈ ಪ್ರಶ್ನೆ ಯಾವ ಮಾರ್ಗದರ್ಶಿ ಪುಸ್ತಕದಲ್ಲಿದೆ, ಹೇಳಿರಿ. ಅದೇ ರೀತಿ ಹತ್ತನೆಯ ತರಗತಿಯಲ್ಲಿ ಹಲಗಲಿ ಬೇಡರ ಲಾವಣಿಯನ್ನು ಕಂಠಪಾಠ ಮಾಡಿ ಅಂಕ ಪಡೆದ ನಮ್ಮ ಬಂಧುಗಳ ಮಗನೊಬ್ಬನಿಗೆ, ಹಲಗಲಿ ನಮ್ಮ ನೆರೆಯ ಮುಧೋಳ ತಾಲ್ಲೂಕಿನಲ್ಲಿದೆ ಎಂಬುದು ಗೊತ್ತಿರಲಿಲ್ಲ. 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಬ್ರಿಟಿಷರೆದುರು ನಿಂತ ಊರು ಅದು. ಅದು ಆಫ್ರಿಕಾದಲ್ಲಿದ್ದರೂ ಅವನಿಗೆ ಅಷ್ಟೇ ಅಂಕ ಬರುತ್ತಿದ್ದವು.

ಇದನ್ನೆಲ್ಲ ಹಳೆಗಾಲದ ಮುದುಕನ ಹಲುಬು ಎನ್ನುವವರಿಗೆ ಒಂದು ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ವಿಚಾರದಲ್ಲಿ ನನಗೆ ಹಲವು ತಕರಾರುಗಳಿವೆ, ಅವು ಇಲ್ಲಿ ಬೇಡ. ಆದರೆ 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪಾಟಿಚೀಲವಿಲ್ಲದೆ ಬಡಿಗರು, ಕುಂಬಾರರು, ತೋಟಗಾರರ ಹತ್ತಿರ ಕುಳಿತು ಕಲಿಯಬೇಕೆಂದು ಅದರಲ್ಲಿಯೂ ಬರೆದಿದ್ದಾರೆ. ದೆಹಲಿಯಲ್ಲಿ ವಿದ್ವಾಂಸರು ಕೂಡಿ ಬರೆದ ಆ ಹತ್ತು ದಿನಗಳ ಬದಲಿಗೆ ನಮ್ಮ ಬಳಿ 48 ದಿನಗಳು ಬಿಟ್ಟಿಯಾಗಿ ಬಿದ್ದಿವೆ.

ನಿಮ್ಮ ಆಕ್ಷೇಪಣೆಗಳು ನನಗೆ ಗೊತ್ತು. ಮೊದಲನೆಯದು ಬಿಸಿಲು. "ನಿಮ್ಮೂರಾಗ ನಲವತ್ತು ಡಿಗ್ರಿ, ಹುಡುಗ್ರು ಬಾಡಿ ಹೋಗ್ತಾವ್ರಿ ಮಾವಾರ" ಎಂದು ಅಳಿಯಂದಿರು ಹೇಳುತ್ತಾರೆ. ಬಿಸಿಲು ಸುಳ್ಳಲ್ಲ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪದ್ಧತಿಯಿದೆ. ಸರ್ಕಾರವೇ ಮಧ್ಯಾಹ್ನ ಮಲಗುವ ಸೀಮೆ ನಮ್ಮದು. ನಾವೂ ಮಲಗುತ್ತೇವೆ. ಮುಂಜಾನೆ ಐದಕ್ಕೆ ಎದ್ದು ತಿರುಗಾಡಿ, ಹನ್ನೊಂದಕ್ಕೆ ಮನೆ ಸೇರಿ, ಮಜ್ಜಿಗೆ ಕುಡಿದು, ಮಣ್ಣಿನ ಮಾಳಿಗೆಯ ಕೆಳಗೆ ಒದ್ದೆ ನೆಲದ ಮೇಲೆ ಉರುಳಿ, ಸಂಜೆ ಐದಕ್ಕೆ ಮತ್ತೆ ಹೊರಬೀಳುವುದು. ರಾತ್ರಿ ಮಾಳಿಗೆಯ ಮೇಲೆ ಚಾಪೆ, ಮೇಲೆ ಚಿಕ್ಕೆಗಳು. ಬಿಸಿಲಿನೊಡನೆ ಬಾಳುವುದಕ್ಕೂ ಒಂದು ವಿದ್ಯೆಯಿದೆ. ಬಿಸಿಲು ಹೆಚ್ಚುತ್ತಲೇ ಇರುವ ಈ ಕಾಲದಲ್ಲಿ ಅದನ್ನು ಮಕ್ಕಳಿಗೆ ಕಲಿಸುವುದು ರೋಬೋಟಿಗಿಂತ ಜರೂರಿನದು ಎಂದು ನನಗೆ ತೋರುತ್ತದೆ.

ಎರಡನೆಯದು ಹೊಳೆ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಾನು ಹುಡುಗನಾಗಿದ್ದಾಗ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಮರಳಿನ ನಡುವೆ ಸಣ್ಣ ಹರಿವಾಗಿರುತ್ತಿದ್ದಳು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಮೈಬೆವರು ಸುರಿಸಿ ಚಿಕ್ಕಪಡಸಲಗಿಯಲ್ಲಿ 'ಶ್ರಮಬಿಂದು ಸಾಗರ' ಬ್ಯಾರೇಜು ಕಟ್ಟಿದ ಮೇಲೆ ಈ ಭಾಗದಲ್ಲಿ ಬೇಸಿಗೆಗೂ ನೀರು ನಿಂತಿತು, ಕಬ್ಬು ಹೆಚ್ಚಿತು, ಹೊಳೆ ಆಳವಾಯಿತು. ಈ ಹೊಳೆಯಲ್ಲಿ ಮೊಸಳೆಗಳೂ ಇವೆ. ಆದ್ದರಿಂದ ಮಕ್ಕಳನ್ನು ಒಂಟಿಯಾಗಿ ದಂಡೆಗೆ ಬಿಡುವ ಪ್ರಶ್ನೆಯೇ ಇಲ್ಲ, ನಾನು ಜೊತೆಗಿಲ್ಲದೆ ಅವರು ಆ ಕಡೆ ಹೆಜ್ಜೆಯಿಡುವುದಿಲ್ಲ. ಆದರೆ ತಮ್ಮ ಪಾಲಿನ ಹೊಳೆಗೆ ಸರ್ಕಾರದ ದಾರಿ ಕಾಯದೆ ತಾವೇ ಕಟ್ಟೆ ಕಟ್ಟಿದ ರೈತರ ಕಥೆಯನ್ನು ಆ ನೀರಿನ ಮುಂದೆ ನಿಂತು ಕೇಳುವುದಕ್ಕೂ, ಎ.ಸಿ. ಕೋಣೆಯಲ್ಲಿ 'ನಾಯಕತ್ವ ತರಬೇತಿ' ಪಡೆಯುವುದಕ್ಕೂ ವ್ಯತ್ಯಾಸವಿಲ್ಲವೇ?

ಮೂರನೆಯ ಆಕ್ಷೇಪಣೆ ನಿಮ್ಮದಲ್ಲ, ನಮ್ಮ ಮನೆಯೊಳಗಿನದೇ. ಈ ಲೇಖನದ ಸುದ್ದಿ ತಿಳಿದು ನನ್ನ ಯಜಮಾನತಿ ಹೇಳಿದ್ದು ಹೀಗೆ: "ನಿಮಗೇನ್ರಿ, ಕುಂತು ಬರೀತೀರಿ. ಎಂಟ್ ಮಂದೀಗೆ ರೊಟ್ಟಿ ಬಡಿಯಾಕಿ ನಾನು." ಇದು ತೂಕದ ಮಾತು. ತವರು, ತವರಿನ ಬೇಸಿಗೆ ಎಂದು ಕೊಂಡಾಡುವ ಗಂಡಸರು ಆ ಬೇಸಿಗೆಯಲ್ಲಿ ಒಲೆಯ ಮುಂದೆ ಬೆಂದವರು ಯಾರು ಎಂಬುದನ್ನು ಹೇಳುವುದಿಲ್ಲ. ಆದುದರಿಂದ ನಮ್ಮ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ನೀರು ಸೇದುವುದು, ಹಿಟ್ಟು ಬೀಸಿಕೊಂಡು ಬರುವುದು, ತಾಟು ತೊಳೆಯುವುದು ನನ್ನ ಮತ್ತು ಮೊಮ್ಮಕ್ಕಳ ಪಾಲು. ಹತ್ತು ವರ್ಷ ದಾಟಿದ ಮೊಮ್ಮಗನೂ ಹಿಟ್ಟು ನಾದಬೇಕು. ಕಳೆದ ಸಲ ಅವನು ಬಡಿದ ರೊಟ್ಟಿ ಮಹಾರಾಷ್ಟ್ರದ ನಕಾಶೆಯಂತಿತ್ತು. ಆದರೆ ಶೇಂಗಾ ಹಿಂಡಿಯೊಡನೆ ಅದನ್ನು ತಾನೇ ತಿಂದು ಮುಗಿಸಿದ.

ಇನ್ನು 'ಬೇಸರ'. ಮಕ್ಕಳಿಗೆ ಹಳ್ಳಿಯಲ್ಲಿ ಬೇಸರವಾಗುತ್ತದಂತೆ. ಆಗಲಿ! ಮೊದಲ ಮೂರು ದಿನ ಆಗುತ್ತದೆ, ನಾನೇ ಕಂಡಿದ್ದೇನೆ. ಮೊಬೈಲಿಗೆ ಸಿಗ್ನಲ್ ಹುಡುಕುತ್ತ ಮಾಳಿಗೆ ಹತ್ತಿಳಿಯುತ್ತಾರೆ, ಮುಖ ಗಂಟು ಹಾಕಿಕೊಳ್ಳುತ್ತಾರೆ. ನಾಲ್ಕನೆಯ ದಿನ ಓಣಿಯ ಹುಡುಗರು ಬಾಗಿಲಿಗೆ ಬಂದು ಕರೆಯುತ್ತಾರೆ. ಐದನೆಯ ದಿನ ಊಟಕ್ಕೆ ಕರೆದರೂ ಬರುವುದಿಲ್ಲ. ಆದರೆ ನೀವು ಬಂದರೂ ಎರಡೇ ದಿನಕ್ಕೆ ಬರುತ್ತೀರಿ. ಬೇಸರ ಬರುವಷ್ಟರಲ್ಲಿ ಬಸ್ಸು ಹತ್ತುತ್ತೀರಿ, ಅದು ಕಳೆಯುವ ದಿನವನ್ನು ನೋಡುವುದೇ ಇಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಸಂಬಂಧಗಳ ಲೆಕ್ಕ. ಬೇಸಿಗೆಯೆಂದರೆ ಮದುವೆಗಳ ಕಾಲ. ಬಸವ ಜಯಂತಿಯ ಆಚೀಚೆ ನಮ್ಮ ಕಡೆ ಹಂದರ ಹಾಕದ ಓಣಿ ಇರುವುದಿಲ್ಲ. ಒಂದು ಮದುವೆಯಲ್ಲಿ ಮಗುವಿಗೆ ಕಾಕಾ, ಚಿಗವ್ವ, ದೊಡ್ಡಪ್ಪ, ಅತ್ತಿ, ವೈನಿ, ಸೋದರಮಾವ ಎಲ್ಲರೂ ಒಟ್ಟಿಗೆ ದೊರೆಯುತ್ತಾರೆ. ಯಾರ ಕಾಲು ಮುಟ್ಟಬೇಕು, ಯಾರನ್ನು ಚೇಷ್ಟೆ ಮಾಡಬಹುದು, ಯಾರ ಮುಂದೆ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಆ ಹೆಸರುಗಳಲ್ಲಿಯೇ ಇದೆ. ಪಟ್ಟಣದಲ್ಲಿ ಇಷ್ಟೂ ಮಂದಿ 'ಅಂಕಲ್', 'ಆಂಟಿ' ಎಂಬ ಎರಡು ಚೀಲಗಳಲ್ಲಿ ಮುಗಿದುಹೋಗುತ್ತಾರೆ. ಹಾಲಿನವನೂ ಅಂಕಲ್, ತಾಯಿಯ ಒಡಹುಟ್ಟಿದವನೂ ಅಂಕಲ್. ಕಷ್ಟ ಬಂದ ದಿನ ಯಾವ ಅಂಕಲ್‌ನ ಬಾಗಿಲು ಬಡಿಯಬೇಕೆಂದು ಆ ಮಗುವಿಗೆ ಹೇಗೆ ತಿಳಿಯಬೇಕು? 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ತಾಲ್ಲೂಕಿನ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದಾಗ ಎಷ್ಟೋ ಸಂಸಾರಗಳು ಪರಿಹಾರ ಕೇಂದ್ರಕ್ಕಿಂತ ಮೊದಲು ನೆನೆದದ್ದು ಎತ್ತರದ ಊರಿನ ಬೀಗರನ್ನು. ದನಕರುಗಳೊಡನೆ ಹೋಗಿ ವಾರಗಟ್ಟಲೆ ಇದ್ದರು. ಆ ಬೀಗರ ಮನೆಯ ದಾರಿ ಅವರಿಗೆ ಗೊತ್ತಿದ್ದುದು ಬೇಸಿಗೆಗಳಲ್ಲಿ ನಡೆದಾಡಿದ್ದರಿಂದ.

ಎಲ್ಲ ಶಿಬಿರಗಳೂ ಅಂಗಡಿಗಳೆಂದು ನಾನು ಹೇಳುತ್ತಿಲ್ಲ. ಮೈಸೂರಿನ ರಂಗಾಯಣದ 'ಚಿಣ್ಣರ ಮೇಳ'ದಂತಹವುಗಳಲ್ಲಿ ಮಕ್ಕಳು ನಾಟಕ ಕಟ್ಟುತ್ತಾರೆ, ಹಾಡುತ್ತಾರೆ. ಅದಕ್ಕೆ ನನ್ನ ನಮಸ್ಕಾರ. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿಯೂ ಬೇಸಿಗೆ ಶಿಬಿರಗಳು ನಡೆದಿವೆ, ಊರ ಮಕ್ಕಳಿಗೆ ಒಳ್ಳೆಯದಾಗಿದೆ. ಹಳ್ಳಿಯಲ್ಲಿ ಹಿರಿಯರೇ ಉಳಿಯದ ಮನೆಗಳಿವೆ. ಇಬ್ಬರೂ ದುಡಿಯುವ ತಂದೆ-ತಾಯಿಯರಿಗೆ ಮಗುವನ್ನು ಹಗಲು ಎಲ್ಲಿ ಬಿಡಬೇಕೆಂಬ ನಿಜವಾದ ಸಂಕಟವಿದೆ. ಅವರ ಮೇಲೆ ನನಗೆ ಜಗಳವಿಲ್ಲ. ಆದರೆ ಊರಲ್ಲಿ ಮನೆಯಿದ್ದು, ಮನೆಯಲ್ಲಿ ಗಟ್ಟಿಮುಟ್ಟಾದ ಮುತ್ಯಾ-ಆಯಿ ಇದ್ದು, ಅವರು ವಾರಕ್ಕೆರಡು ಸಲ ಕರೆ ಮಾಡಿ "ಕಳಸ್ರಿ" ಎನ್ನುತ್ತಿದ್ದರೂ ಶುಲ್ಕ ಕಟ್ಟಿ ಬೇರೆಡೆ ಬಿಡುವವರ ಮೇಲೆ ಇದೆ. ಹಾಗೆಯೇ ನನ್ನ ಓರಗೆಯ ಕೆಲವು ಮುತ್ಯಾಗಳ ಮೇಲೂ ಇದೆ. ಮೊಮ್ಮಕ್ಕಳು ಬಂದ ಕೂಡಲೇ ಟಿ.ವಿ.ಯ ರಿಮೋಟು, ಕುರಕಲು ತಿಂಡಿಯ ಪೊಟ್ಟಣ ಕೈಗಿತ್ತು ತಾವು ಅಗಸಿಯ ಕಟ್ಟೆಗೆ ಇಸ್ಪೀಟು ಆಡಲು ನಡೆಯುವ ಮಹನೀಯರು, ಮುಂದಿನ ವರ್ಷ ಅವರು ಬರಲಿಲ್ಲವೆಂದು ಕಣ್ಣೀರು ಹಾಕಬಾರದು.

ಒಂದು ಸಣ್ಣ ಲೆಕ್ಕ ಹಾಕಿರಿ. ಲೆಕ್ಕ ನನ್ನ ವಿಷಯವಲ್ಲ, ಆದರೂ ಇಷ್ಟು ಬರುತ್ತದೆ. ಮಗುವಿಗೆ ಆರು ವರ್ಷ ತುಂಬಿದ ಮೇಲೆ ಹದಿನೈದು ಆಗುವವರೆಗೆ ಹತ್ತು ಬೇಸಿಗೆಗಳು. ಹತ್ತು ನಲವತ್ತೆಂಟಲೆ 480 ದಿನ. ಕೊನೆಯ ಎರಡು ಬೇಸಿಗೆಗಳನ್ನು ಹತ್ತನೆಯ ತರಗತಿಯ ಭೂತ ನುಂಗುತ್ತದೆ. ಒಂಬತ್ತರ ಪರೀಕ್ಷೆ ಮುಗಿದ ಮರುದಿನವೇ ಹತ್ತರ ಪಾಠ ಆರಂಭಿಸುವ ಶಾಲೆಗಳನ್ನು ನೋಡಿದ್ದೇನೆ. ಕೇಂದ್ರ ಪಠ್ಯಕ್ರಮದ ಎಷ್ಟೋ ಶಾಲೆಗಳು ಏಪ್ರಿಲ್‌ನಲ್ಲಿಯೇ ಹೊಸ ತರಗತಿ ಆರಂಭಿಸಿ ಇನ್ನಷ್ಟು ಕಡಿಯುತ್ತವೆ. ಉಳಿದದ್ದು 384 ದಿನ, ಅಂದರೆ ಒಂದು ವರ್ಷ, ಹತ್ತೊಂಬತ್ತು ದಿನ. ಒಬ್ಬ ಮೊಮ್ಮಗನ ಬಾಲ್ಯದಲ್ಲಿ ಮುತ್ಯಾನಿಗೆ ಸಿಗುವುದು ಹೆಚ್ಚೆಂದರೆ ಇಷ್ಟೇ. ಮುತ್ಯಾನ ಕಡೆಯಿಂದ ಎಣಿಸಿದರೆ ಇನ್ನೂ ಕಡಿಮೆ. ನನಗೆ ಅರವತ್ತು ದಾಟಿ ಕೆಲವು ವರ್ಷಗಳಾದವು. ಮೊಣಕಾಲು ಈಗಾಗಲೇ ಮಾಳಿಗೆಯ ಮೆಟ್ಟಿಲಿನೊಡನೆ ವಾದಕ್ಕಿಳಿದಿದೆ. ಮಗ್ಗದ ಮುಂದೆ ನಿಂತು ಒದರಿ ಹೇಳುವ ಶಕ್ತಿ ಇನ್ನೆಷ್ಟು ಬೇಸಿಗೆಗಳಿಗೆ ಇರುತ್ತದೆಯೋ ನೋಡಬೇಕು.

ದಾರಿಯ ಖರ್ಚಿನ ನೆಪವೂ ಈಗ ಉಳಿದಿಲ್ಲ. 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಟಿಕೆಟ್ಟಿಲ್ಲ. ಮಗಳಿಗೂ ಮೊಮ್ಮಗಳಿಗೂ ಬಿಟ್ಟಿ, ಮೊಮ್ಮಗನಿಗೆ ಮಾತ್ರ ಟಿಕೆಟ್ಟು. ಅದು ಅನ್ಯಾಯವೆಂದು ಅವನು ಮುಖ್ಯಮಂತ್ರಿಗಳಿಗೆ ಪತ್ರ ಬರೆಯುವವನಿದ್ದಾನೆ, ನಾನೇ ಒಕ್ಕಣೆ ಹೇಳಿಕೊಡುವುದಾಗಿ ಮಾತು ಕೊಟ್ಟಿದ್ದೇನೆ. ಹೊರಡುವ ಮೊದಲು ಒಂದು ಕರೆ ಮಾಡಿದರೆ ಸಾಕು, ಜಮಖಂಡಿಯ ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಮಕ್ಕಳ ಜೊತೆ ಹಳೆಯ ಬಟ್ಟೆಗಳನ್ನಷ್ಟೇ ಕಳುಹಿಸಿರಿ. ಹೊಸವನ್ನು ಕಳುಹಿಸಿದರೆ ಅವು ಹಳೆಯವಾಗಿ ಮರಳುತ್ತವೆ.